ಮನೆತನದ ಚರಿತ್ರೆಯನ್ನು ಬರೆಯುವ ಬಗೆ

(ಕೂಟಗಲ್ಲಿನಲ್ಲಿ ಮಾಡಿದ ಉಪನ್ಯಾಸ)



ಮನೆತನಗಳ ಚರಿತ್ರೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ಚರಿತ್ರೆಯೆಂದೊಡನೆ ಅರಸರೂ ಯುದ್ಧಗಳೂ ಕೋಟೆಗಳೂ ನಮ್ಮ ಕಣ್ಣೆದುರಿಗೆ ಬಂದು ನಿಲ್ಲುವುದು ವಾಡಿಕೆ. ಆದರೆ ಆ ಕೋಟೆಯ ಕಲ್ಲನ್ನು ಹೊತ್ತವನಿಗೂ ಒಬ್ಬ ತಾತನಿದ್ದನು. ಆ ಅರಸನಿಗೆ ಕಂದಾಯವನ್ನು ತೆತ್ತವನಿಗೂ ಒಬ್ಬ ಮುತ್ತಜ್ಜಿಯಿದ್ದಳು. ಅವರ ಹೆಸರನ್ನು ಬಲ್ಲವರಾರು? ಈ ಸಭೆಯಲ್ಲಿರುವ ನಾವೆಲ್ಲರೂ ತಂದೆಯ ತಂದೆಯ ಹೆಸರನ್ನು ಹೇಳಬಲ್ಲೆವು. ಮುತ್ತಾತನ ಹೆಸರನ್ನು ಕೆಲವರು ಹೇಳಿಯಾರು. ತಾಯಿಯ ತಾಯಿಯ ತಾಯಿ ಯಾವ ಊರಿನವಳು, ಅವಳ ಹೆಸರೇನು ಎಂದು ಕೇಳಿದರೆ ಬಹುಮಂದಿ ಮೌನವನ್ನೇ ಉತ್ತರವಾಗಿ ಕೊಡುವೆವು. ಈ ಮೌನದಿಂದ ಆಗುವ ನಷ್ಟವೆಂತಹದು, ಅದನ್ನು ತುಂಬುವ ದಾರಿ ಯಾವುದು ಎಂಬಷ್ಟನ್ನೇ ನಾವಿಂದು ವಿಚಾರಿಸಬೇಕೆಂದಿದ್ದೇವೆ.

ಅರಸುಮನೆತನಗಳಿಗೆ ವಂಶಾವಳಿಗಳ ಕೊರತೆಯಿಲ್ಲ. ಮೈಸೂರಿನ ಅರಮನೆಯು ‘ಶ್ರೀಮನ್ಮಹಾರಾಜರವರ ವಂಶಾವಳಿ’ಯ ಮೊದಲನೆಯ ಭಾಗವನ್ನು 1916ರಲ್ಲಿ ಅಚ್ಚುಹಾಕಿಸಿತು. ಹಾಗಾದರೆ ಒಕ್ಕಲುಮಗನಿಗೆ ವಂಶಾವಳಿಯೇ ಇರಲಿಲ್ಲವೇ? ಇತ್ತು. ಅದನ್ನು ಕಾಪಾಡುವ ಕಸುಬಿನವರೇ ನಮ್ಮ ನಾಡಿನಲ್ಲಿದ್ದರು. ಅವರೇ ಹೆಳವರು.

ಹೆಳವನೆಂದರೆ ಕಾಲಿಲ್ಲದವನು ಎಂದರ್ಥ. ಕಾಲಿಲ್ಲದ ಮೂಲಪುರುಷನೊಬ್ಬನಿಗೆ ಬಸವಣ್ಣನವರು ಏರಿ ತಿರುಗಲು ಎತ್ತನ್ನು ಕರುಣಿಸಿದರೆಂಬ ಐತಿಹ್ಯವನ್ನು ಅವರು ಹೇಳಿಕೊಳ್ಳುವರು. ಸುಗ್ಗಿ ಮುಗಿದು ಕಣದಲ್ಲಿ ರಾಶಿ ಬಿದ್ದ ಮೇಲೆ ಎತ್ತಿನ ಮೇಲೆ ಕುಳಿತು, ಗಂಟೆಯನ್ನು ಬಾರಿಸುತ್ತ ಹೆಳವನು ಊರಿಗೆ ಬರುವನು. ತನಗೆ ಹಿರಿಯರಿಂದ ಪಾಲಾಗಿ ಬಂದ ಮನೆಗಳ ಮುಂದೆ ನಿಂತು, ಆ ಮನೆಯ ಮೂಲಪುರುಷನು ಯಾವ ಊರಿನಿಂದ ಎದ್ದು ಬಂದನು, ಬೆಡಗು ಯಾವುದು, ಮನೆದೇವರು ಯಾವುದು, ಯಾರಿಗೆ ಎಷ್ಟು ಮಕ್ಕಳು, ಯಾವ ಕವಲು ಯಾವ ಊರಿಗೆ ಹೋಗಿ ನೆಲಸಿತು ಎಂಬುದನ್ನು ಓದಿಯೋ ಹಾಡಿಯೋ ಹೇಳುವನು. ಕಳೆದ ಸಲ ಬಂದುಹೋದ ಮೇಲೆ ಹುಟ್ಟಿದವರ ಹೆಸರುಗಳನ್ನು ಕೇಳಿ ಸೇರಿಸಿಕೊಳ್ಳುವನು. ಮನೆಯವರು ಕಾಳುಕಡ್ಡಿಯನ್ನೂ ಬಟ್ಟೆಯನ್ನೂ, ಉಳ್ಳವರಾದರೆ ದನಕರುವನ್ನೂ ಕೊಟ್ಟು ಕಳುಹಿಸುವರು. ಉತ್ತರದ ಜಿಲ್ಲೆಗಳಲ್ಲಿ ಈ ವಂಶಾವಳಿಗಳನ್ನು ಪುಸ್ತಕಗಳಲ್ಲಿ ಬರೆದಿಟ್ಟುಕೊಂಡಿರುವ ಹೆಳವರ ಮನೆಗಳುಂಟು. ತಂದೆಯು ಮಗನಿಗೆ, ಮಗನು ಮೊಮ್ಮಗನಿಗೆ ಇದನ್ನು ಕೊಟ್ಟುಹೋಗುತ್ತಿದ್ದುದರಿಂದ, ಒಬ್ಬನ ಆಯುಸ್ಸಿಗೆ ಮೀರಿದ ಸಂಶೋಧನೆಯೊಂದು ಸರಕಾರದ ಸಂಬಳವಿಲ್ಲದೆ, ವಿದ್ಯಾಲಯದ ಪದವಿಯಿಲ್ಲದೆ ನಮ್ಮ ಹೊಲಗದ್ದೆಗಳ ನಡುವೆ ನಡೆದುಬಂದಿತು.

ಇನ್ನೊಂದು ಮಾತನ್ನು ಇಲ್ಲಿ ಹೇಳದಿರಲಾಗದು. 1956ರ ನವೆಂಬರ್ 1ರವರೆಗೆ ಕನ್ನಡಿಗರು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಒಂದೇ ಮನೆತನದ ಒಂದು ಕವಲಿನ ಕಾಗದವು ಕನ್ನಡದಲ್ಲಿಯೂ ಇನ್ನೊಂದರದು ಮೋಡಿಯಲ್ಲಿಯೂ ದೊರೆಯುವುದುಂಟು. ಏಕೀಕರಣವಾದ ಮೇಲೆಯೂ ಕಾಸರಗೋಡಿನ ಕನ್ನಡ ಮನೆಗಳು ಕೇರಳಕ್ಕೆ ಸೇರಿದವು. ಕಚೇರಿಗಳ ದಫ್ತರಗಳು ಹೀಗೆ ಗಡಿಗಳಿಂದ ತುಂಡಾದಾಗ ಹೆಳವನ ಲೆಕ್ಕವು ತುಂಡಾಗಲಿಲ್ಲ. ಬೆಡಗು ಎಲ್ಲಿಯವರೆಗೆ ಹಬ್ಬಿತ್ತೋ ಅಲ್ಲಿಯವರೆಗೆ ಅವನ ಎತ್ತು ನಡೆಯುತ್ತಿತ್ತು.

ಇಂದು ಹೆಳವರ ಮಕ್ಕಳು ಬೇರೆ ಉದ್ಯೋಗಗಳಿಗೆ ಹೋಗುತ್ತಿದ್ದಾರೆ. ಹೋಗುವುದು ನ್ಯಾಯವೇ ಸರಿ. ಮಳೆ ಬಿಸಿಲೆನ್ನದೆ ಊರೂರು ತಿರುಗಿ ಜೀವಿಸೆಂದು ಅವರಿಗೆ ವಿಧಿಸುವ ಅಧಿಕಾರ ನಮಗೆಲ್ಲಿಯದು? ಅವರ ಕೆಲಸದ ಭಾರವನ್ನು ಇನ್ನು ಮೇಲೆ ಆಯಾ ಮನೆಯವರೇ ಹೊರಬೇಕು. ಅದು ಆಗದ ಕೆಲಸವೇನಲ್ಲ. ಸಂಬಳಕ್ಕಾಗಿ ಅಲ್ಲದೆ ಅಕ್ಕರೆಯಿಂದ ಇಂಥ ಕೆಲಸವನ್ನು ಮಾಡಿದವರು ನಮ್ಮಲ್ಲಿ ಆಗಿಹೋಗಿದ್ದಾರೆ. ‘ದಕ್ಷಿಣ ಕನ್ನಡ ಜಿಲ್ಲೆಯ ಪ್ರಾಚೀನ ಇತಿಹಾಸ’ವನ್ನು 1923ರಲ್ಲಿ ಪ್ರಕಟಿಸಿದ ಗಣಪತಿ ರಾವ್ ಐಗಳರು ಶಾಲೆಯ ಉಪಾಧ್ಯಾಯರು. ಸಾಗರ ತಾಲೂಕಿನ ಕೆಳದಿಯಲ್ಲಿ ಗುಂಡಾ ಜೋಯಿಸರು 2013ರಲ್ಲಿ ತೀರಿಕೊಳ್ಳುವವರೆಗೂ ಓಲೆ, ಕಡತ, ಕಾಗದಪತ್ರಗಳನ್ನು ಕೂಡಿಹಾಕುವುದನ್ನೇ ಬಾಳಿನ ವ್ರತವನ್ನಾಗಿ ಮಾಡಿಕೊಂಡಿದ್ದರು. ಅಲ್ಲಿನ ವಸ್ತುಸಂಗ್ರಹಾಲಯವು ಅವರ ದುಡಿಮೆಯ ಫಲ. ಒಂದು ಸಣ್ಣ ಊರಿನಲ್ಲಿ ಕುಳಿತ ಒಬ್ಬನೇ ಮನುಷ್ಯನು ಎಷ್ಟನ್ನು ಉಳಿಸಬಲ್ಲನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆದರೆ ಅಕ್ಕರೆಯೊಂದೇ ಸಾಲದು. ಮನೆತನದ ಚರಿತ್ರೆಯನ್ನು ಬರೆಯಹೊರಟವನ ದಾರಿಯಲ್ಲಿ ಮೂರು ಹಳ್ಳಗಳಿವೆ.

ಮೊದಲನೆಯದು ಹೆಸರುಗಳ ತೊಡಕು. ತಾತನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ಪದ್ಧತಿಯು ಪ್ರೀತಿಯದು. ಚರಿತ್ರಕಾರನಿಗೆ ಮಾತ್ರ ಕಷ್ಟಕರವಾದುದು. ನೆರೆಯ ಮಾಗಡಿಯನ್ನೇ ನೋಡಿರಿ. 1537ರಲ್ಲಿ ಬೆಂಗಳೂರಿನ ಕೋಟೆಯನ್ನು ಕಟ್ಟಿಸಿದ ಹಿರಿಯ ಕೆಂಪೇಗೌಡರು ಒಬ್ಬರು. ಅವರ ತರುವಾಯ ಇಮ್ಮಡಿ ಕೆಂಪೇಗೌಡರು. 1638ರಲ್ಲಿ ಬೆಂಗಳೂರು ಬಿಜಾಪುರದವರ ಪಾಲಾಗಿ ಮಾಗಡಿಯೇ ರಾಜಧಾನಿಯಾದ ಮೇಲೆಯೂ ಅದೇ ಹೆಸರಿನವರು ಆಳಿದರು. ಬೆಂಗಳೂರಿನ ನಾಲ್ಕು ಗಡಿಗೋಪುರಗಳನ್ನು ತಂದೆಯದೆಂದು ಹೇಳುವವರೂ ಮಗನದೆಂದು ಹೇಳುವವರೂ ಇದ್ದಾರೆ. ಮಾಗಡಿ ತಾಲೂಕಿನ ಕೆಂಪಾಪುರದಲ್ಲಿರುವ ಸಮಾಧಿಯು ಹಿರಿಯ ಕೆಂಪೇಗೌಡರದೆಂದು ಗುರುತಿಸಲ್ಪಟ್ಟುದು 2015ರಲ್ಲಿ. ಇಷ್ಟು ಪ್ರಸಿದ್ಧವಾದ ಮನೆತನದ ಪಾಡೇ ಹೀಗಾದರೆ, ಒಂದೇ ಓಣಿಯಲ್ಲಿ ಮೂವರು ತಿಮ್ಮೇಗೌಡರೂ ನಾಲ್ವರು ಚಿಕ್ಕಣ್ಣಂದಿರೂ ಇರುವ ನಮ್ಮ ಊರುಗಳ ಪಾಡೇನು? ಆದುದರಿಂದ ಬರಿಯ ಹೆಸರನ್ನು ಬರೆಯಬಾರದು. ತಂದೆಯ ಹೆಸರು, ತಾಯಿಯ ಹೆಸರು, ತಾಯಿಯ ತವರೂರು, ಇದ್ದ ಅಡ್ಡಹೆಸರು ಇವನ್ನು ಪ್ರತಿಯೊಂದು ಹೆಸರಿನ ಬಳಿಯಲ್ಲಿಯೂ ಬರೆಯಬೇಕು.

ಎರಡನೆಯದು ಕಾಲದ ತೊಡಕು. ಹಿರಿಯರು ಸಂವತ್ಸರದ ಹೆಸರನ್ನು ಮಾತ್ರ ಬರೆದಿಡುತ್ತಿದ್ದರು. ಅರುವತ್ತು ವರ್ಷಗಳಿಗೊಮ್ಮೆ ಅದೇ ಹೆಸರು ಮರಳಿ ಬರುವುದರಿಂದ ‘ಪ್ರಭವ ಸಂವತ್ಸರ’ವೆಂದರೆ 1867 ಆಗಬಹುದು, 1927 ಆಗಬಹುದು, 1987 ಆಗಬಹುದು. ಶಕವರ್ಷವನ್ನು ಕೊಟ್ಟಿದ್ದರೆ 78ನ್ನು ಕೂಡಿಸಿ ಕ್ರಿಸ್ತಶಕವನ್ನು ಹೆಚ್ಚುಕಡಿಮೆ ತಿಳಿಯಬಹುದು. ಕೊಡದಿದ್ದರೆ ತಲೆಮಾರುಗಳನ್ನು ಎಣಿಸಿ ನೋಡಬೇಕು. ಒಂದು ತಲೆಮಾರಿಗೆ ಇಪ್ಪತ್ತೈದರಿಂದ ಮೂವತ್ತು ವರ್ಷಗಳೆಂದು ಹಿಡಿದರೆ ಏಳು ತಲೆಮಾರಿಗೆ ಇನ್ನೂರು ವರ್ಷಗಳಾಗುವುವು. ಏಳೇ ಹೆಸರುಗಳನ್ನು ಹೇಳಿ ವಿಜಯನಗರದ ಕಾಲಕ್ಕೆ ಮುಟ್ಟಿದೆವೆನ್ನುವವರು ನಡುವಿನ ಎಷ್ಟೋ ಹಿರಿಯರನ್ನು ಕೈಬಿಟ್ಟಿದ್ದಾರೆಂದೇ ತಿಳಿಯಬೇಕು. ನಾಡಿನ ಚರಿತ್ರೆಯೂ ಇಲ್ಲಿ ಒರೆಗಲ್ಲಾಗುವುದು. ಚನ್ನಪಟ್ಟಣವು ಜಗದೇವರಾಯನ ವಂಶದವರ ಕೈತಪ್ಪಿ ಮೈಸೂರಿಗೆ ಸೇರಿದುದು 1630ರಲ್ಲಿ. ಮಾಗಡಿಯು ಸೇರಿದುದು 1728ರಲ್ಲಿ. ಆ ಪಾಳೆಯಗಾರರಿಂದ ಮಾನ್ಯವನ್ನು ಪಡೆದೆವೆನ್ನುವ ಮನೆಯವರು ತಮ್ಮ ತಲೆಮಾರುಗಳನ್ನು ಈ ವರ್ಷಗಳ ಆಚೆಗೆ ಮುಟ್ಟಿಸಿ ತೋರಿಸಬೇಕು. ಬಿ. ಎಲ್. ರೈಸ್ ಅವರು ಚನ್ನಪಟ್ಟಣ, ಕಾನಕಾನಹಳ್ಳಿ, ಮಾಗಡಿ ತಾಲೂಕುಗಳ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ 1905ರಲ್ಲಿಯೇ ಅಚ್ಚುಹಾಕಿಸಿರುವುದರಿಂದ ಒರೆ ಹಚ್ಚಿ ನೋಡುವವರಿಗೆ ಸಾಧನವಿಲ್ಲವೆಂದು ಹೇಳುವಂತಿಲ್ಲ.

ಮೂರನೆಯ ಹಳ್ಳವು ಎಲ್ಲಕ್ಕಿಂತ ಆಳವಾದುದು. ಅದು ಕೇಳುವವನ ಆಸೆ. ಅಮೆರಿಕದ ಕರಿಯ ಜನಾಂಗದ ಲೇಖಕ ಅಲೆಕ್ಸ್ ಹೇಲಿಯು ಗುಲಾಮಗಿರಿಗೆ ಸಿಕ್ಕಿದ ತನ್ನ ಪೂರ್ವಜನನ್ನು ಹುಡುಕಿಕೊಂಡು ಆಫ್ರಿಕದ ಗ್ಯಾಂಬಿಯಾ ದೇಶದ ಜುಫೂರೆ ಎಂಬ ಹಳ್ಳಿಗೆ ಹೋದನು. ಅಲ್ಲಿಯ ವೃದ್ಧನೊಬ್ಬನ ಬಾಯಿಂದ ವಂಶದ ಕಥೆಯನ್ನು ಕೇಳಿ, 1976ರಲ್ಲಿ ‘ರೂಟ್ಸ್’ ಎಂಬ ಪುಸ್ತಕವನ್ನು ಬರೆದನು. ಲಕ್ಷಾಂತರ ಜನರು ಅದನ್ನೋದಿ ತಮ್ಮ ಹಿರಿಯರನ್ನು ಹುಡುಕತೊಡಗಿದರು. ಆ ಉಪಕಾರವು ದೊಡ್ಡದು. ಆದರೆ 1981ರಲ್ಲಿ ಡೊನಾಲ್ಡ್ ರೈಟ್ ಎಂಬ ಇತಿಹಾಸಕಾರನು ವಿಚಾರಣೆ ಮಾಡಿ, ಆ ವೃದ್ಧನು ವಂಶಾವಳಿಗಳನ್ನು ಪರಂಪರೆಯಿಂದ ಕಲಿತವನಲ್ಲವೆಂದೂ, ಹೇಲಿಯು ಏನನ್ನು ಕೇಳಲು ಬಂದಿರುವನೆಂಬುದು ಅಲ್ಲಿಯವರಿಗೆ ಮೊದಲೇ ತಿಳಿದಿತ್ತೆಂದೂ ತೋರಿಸಿದನು. ವಕೀಲರಾದ ನಮಗೆ ಇದು ಹೊಸ ಸಂಗತಿಯಲ್ಲ. ಉತ್ತರವನ್ನು ಹೊಟ್ಟೆಯಲ್ಲಿಟ್ಟುಕೊಂಡ ಪ್ರಶ್ನೆಯನ್ನು ನ್ಯಾಯಾಲಯದಲ್ಲಿ ಸೂಚಕ ಪ್ರಶ್ನೆಯೆಂದು ಕರೆದು, ತನ್ನ ಕಡೆಯ ಸಾಕ್ಷಿಗೆ ಅದನ್ನು ಹಾಕಗೊಡುವುದಿಲ್ಲ. ‘ಅಜ್ಜಿ, ನಮ್ಮವರು ಮಾಗಡಿ ಪಾಳೆಯಗಾರರ ಕಡೆಯವರಲ್ಲವೇ?’ ಎಂದು ಕೇಳಿದರೆ ಅಜ್ಜಿಯು ಮೊಮ್ಮಗನ ಮನಸ್ಸನ್ನು ನೋಯಿಸಲಾರದೆ ಹೌದೆನ್ನುವಳು. ‘ಅಜ್ಜಿ, ನಮ್ಮವರು ಎಲ್ಲಿಂದ ಬಂದರೆಂದು ನಿಮ್ಮ ಅತ್ತೆ ಹೇಳುತ್ತಿದ್ದರು?’ ಎಂದು ಕೇಳಿರಿ. ಆಗ ಬರುವುದು ಸಾಕ್ಷ್ಯ. ಅರಸುಕುಲದ ಕೊಂಡಿಯನ್ನು ಹುಡುಕಹೊರಟವನಿಗೆ ಅದು ಸಿಕ್ಕಿಯೇ ಸಿಕ್ಕುವುದು. ಸಿಕ್ಕಿದ್ದು ಬಹುಮಟ್ಟಿಗೆ ಸುಳ್ಳಾಗಿರುವುದು.

ಇನ್ನು ನಾವು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇವೆ. ವಂಶಾವಳಿಯು ಬಿಡುವಿನ ವೇಳೆಯ ವಿನೋದವೆಂದು ತಿಳಿದವರಿದ್ದಾರೆ. ನ್ಯಾಯಾಲಯದ ಬಾಗಿಲಲ್ಲಿ ಒಂದು ದಿನ ನಿಂತು ನೋಡಿದರೆ ಆ ಅಭಿಪ್ರಾಯವು ಬದಲಾದೀತು. ಪಾಲಿನ ದಾವೆಗಳಲ್ಲಿ ವಾದಪತ್ರದೊಡನೆ ಬರುವ ಮೊದಲ ಕಾಗದವೇ ವಂಶವೃಕ್ಷ. ತೀರಿಕೊಂಡವರ ಹೆಸರಿನಲ್ಲಿರುವ ಜಮೀನಿಗೆ ಪೌತಿ ಖಾತೆಯಾಗಬೇಕಾದರೂ ವಂಶವೃಕ್ಷ ಬೇಕು. ಮನೆಯವರು ಅಫಿಡವಿಟ್ಟಿನಲ್ಲಿ ಬರೆದುಕೊಟ್ಟುದನ್ನು ಆಧಾರವಾಗಿಟ್ಟುಕೊಂಡು, ಊರಿನಲ್ಲಿ ವಿಚಾರಿಸಿ, ನಾಡಕಚೇರಿಯವರು ಅದನ್ನು ಕೊಡುವರು. ಬರೆದುಕೊಡುವವನು ಗಂಡುಮಕ್ಕಳ ಹೆಸರುಗಳನ್ನು ಸಾಲಾಗಿ ಬರೆದು, ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರನ್ನು ಬಿಟ್ಟುಬಿಟ್ಟರೆ? ಕೇಳುವವರಿಲ್ಲದಿದ್ದರೆ ಆ ಮರದಲ್ಲಿ ಆ ಕೊಂಬೆಯು ಹುಟ್ಟಲೇ ಇಲ್ಲವೆಂದಾಗುವುದು.

ಇದು ನಮ್ಮ ಹಳೆಯ ರೂಢಿಯ ದೋಷ. ಹೆಳವನ ವಂಶಾವಳಿಯೂ ಬಹುಮಟ್ಟಿಗೆ ಗಂಡುಸಂತತಿಯನ್ನೇ ಹಿಡಿದು ನಡೆಯುವುದು. ಕನ್ನಡ ನಾಡಿನ ಎಲ್ಲೆಡೆಯಲ್ಲಿಯೂ ಹೀಗೆಯೇ ಎಂದಲ್ಲ. ಕರಾವಳಿಯ ಅಳಿಯಸಂತಾನದ ಮನೆಗಳಲ್ಲಿ ವಂಶವನ್ನು ಎಣಿಸುವುದೇ ತಾಯಿಯಿಂದ. ಅಲ್ಲಿ ಹೆಣ್ಣಿನ ಹೆಸರಿಲ್ಲದೆ ಮನೆತನವೇ ಇಲ್ಲ. ಆದುದರಿಂದ ಹೆಣ್ಣಿನ ಹೆಸರನ್ನು ಬರೆಯುವುದು ನಮ್ಮ ಸಂಪ್ರದಾಯಕ್ಕೆ ವಿರುದ್ಧವೆನ್ನುವ ಮಾತು ನಿಲ್ಲಲಾರದು. ಕಾಯಿದೆಯೂ ಬಹುಕಾಲದಿಂದ ಈ ದಾರಿಯಲ್ಲಿ ನಡೆದುಬಂದಿದೆ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವನ್ನು ಮಾಡಿ, ವಿಭಾಗಕಾಲದಲ್ಲಿ ತಾಯಿ, ವಿಧವೆ, ಅವಿವಾಹಿತ ಹೆಣ್ಣುಮಕ್ಕಳು ಮೊದಲಾದವರಿಗೆ ಪಾಲನ್ನು ವಿಧಿಸಿತು. ಕರ್ನಾಟಕವು 1994ರ ತಿದ್ದುಪಡಿಯಿಂದ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳನ್ನು ಸಮಭಾಗಿಗಳನ್ನಾಗಿ ಮಾಡಿತು. ಅದಕ್ಕೆ ಮುಂಚೆ ಮದುವೆಯಾದವರು ಮಾತ್ರ ಹೊರಗುಳಿದರು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಆ ಭೇದವನ್ನೂ ಅಳಿಸಿತು. ಮಗಳ ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದೂ, ಆ ದಿನ ತಂದೆಯು ಬದುಕಿರಲೇಬೇಕೆಂಬ ನಿಯಮವಿಲ್ಲವೆಂದೂ ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ತೀರ್ಪಿತ್ತಿತು. ಕಾಯಿದೆಯು ಹಕ್ಕನ್ನು ಕೊಟ್ಟಿದೆ; ವಂಶವೃಕ್ಷದಲ್ಲಿ ಹೆಸರಿಲ್ಲದವಳು ಆ ಹಕ್ಕಿನ ಬಾಗಿಲನ್ನು ತಟ್ಟುವುದು ಹೇಗೆ?

ನಮ್ಮ ಸೀಮೆಯಲ್ಲಿ ಇದು ದೂರದ ಮಾತಲ್ಲ. ಬೆಂಗಳೂರು ಮೈಸೂರುಗಳ ನಡುವಿನ ಹೊಸ ಹೆದ್ದಾರಿಯು 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ರಾಮನಗರ ಚನ್ನಪಟ್ಟಣಗಳ ಸುತ್ತಿನಲ್ಲಿ ನಿನ್ನೆಯವರೆಗೆ ರಾಗಿ ಬೆಳೆಯುತ್ತಿದ್ದ, ಹಿಪ್ಪುನೇರಳೆ ಬೆಳೆಯುತ್ತಿದ್ದ ನೆಲಕ್ಕೆ ಇಂದು ಬೇರೆಯೇ ಬೆಲೆ. ಬೆಲೆ ಏರಿದಂತೆಲ್ಲ ನೆಂಟಸ್ತಿಕೆಯ ಜ್ಞಾಪಕವು ಕುಗ್ಗುವುದು ಲೋಕದ ಸ್ವಭಾವ. ಇಂಥ ಕಾಲದಲ್ಲಿ ಮನೆಯ ಹಿರಿಯನು ತನ್ನ ಕೈಯಾರೆ ಬರೆದಿಟ್ಟ ಒಂದು ಪುಸ್ತಕವು ಎಷ್ಟು ಬೆಲೆಯುಳ್ಳದೆಂಬುದನ್ನು ಕೇಳಿರಿ. ಸಂಬಂಧವನ್ನು ಬಲ್ಲವನಾಗಿದ್ದು ತೀರಿಕೊಂಡವನೊಬ್ಬನು ರಕ್ತಸಂಬಂಧ, ವಿವಾಹ, ದತ್ತುಗಳನ್ನು ಕುರಿತು ಹೇಳಿದ ಮಾತನ್ನೂ, ಮನೆತನದ ವಂಶಾವಳಿಯಲ್ಲಿಯೋ ಸಮಾಧಿಯ ಕಲ್ಲಿನ ಮೇಲೆಯೋ ಬರೆದಿರುವುದನ್ನೂ ನ್ಯಾಯಾಲಯವು ಸಾಕ್ಷ್ಯವೆಂದು ನೋಡಬಹುದು. 1872ರ ಸಾಕ್ಷ್ಯ ಕಾಯಿದೆಯ 32ನೆಯ ಕಲಮಿನಲ್ಲಿ ಇದಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 26ನೆಯ ಕಲಮಿನಲ್ಲಿಯೂ ಇದೆ. ಆದರೆ ಒಂದು ಷರತ್ತುಂಟು. ಆ ಮಾತು ವಿವಾದವು ಹುಟ್ಟುವುದಕ್ಕೆ ಮುಂಚೆ ಹೇಳಿದುದಾಗಿರಬೇಕು. ಜಗಳವು ಎದ್ದ ಮೇಲೆ ಬರೆದ ವಂಶಾವಳಿಯು ಒಂದು ಪಕ್ಷದ ವಾದ. ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದಾಗ ಬರೆದುದೇ ಸಾಕ್ಷ್ಯ. ಬರೆಯುವ ಕಾಲ ಇದೇ ಎಂದು ನಾವು ಒತ್ತಿಹೇಳುವುದಕ್ಕೆ ಕಾರಣವಿದು.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಬದುಕಿರುವವರಿಂದ, ಅವರಲ್ಲಿಯೂ ಅತ್ಯಂತ ಹಿರಿಯಳಾದ ಹೆಂಗಸಿನಿಂದ. ಯಾವ ಮಗಳನ್ನು ಯಾವ ಊರಿಗೆ ಕೊಟ್ಟರು, ಯಾವ ಸೊಸೆ ಎಲ್ಲಿಂದ ಬಂದಳು, ಯಾವ ಕೂಸು ಯಾವ ಬೇನೆಯಲ್ಲಿ ಹೋಯಿತು ಎಂಬುದನ್ನು ಗಂಡಸರಿಗಿಂತ ಅವರೇ ಬಲ್ಲರು. ಕೇಳಿದುದನ್ನು ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬುದರೊಡನೆ ಬರೆಯಿರಿ. ಇಬ್ಬರು ಎರಡು ಬಗೆಯಾಗಿ ಹೇಳಿದರೆ ಎರಡನ್ನೂ ಬರೆಯಿರಿ, ಒಂದನ್ನು ಅಳಿಸಬೇಡಿರಿ. ಬಳಿಕ ಕಾಗದಗಳನ್ನು ಹುಡುಕಿರಿ. ಲಗ್ನಪತ್ರಿಕೆ, ಜಾತಕ, ಕ್ರಯಪತ್ರ, ಪಾಲುಪಟ್ಟಿ, ಪಹಣಿ, ಉಪನೋಂದಣಿ ಕಚೇರಿಯ ನಕಲುಗಳು ಇವೆಲ್ಲವೂ ಮಾತನಾಡುವುವು. ಹಳೆಯ ಶ್ಯಾನುಭೋಗರ ಮನೆಗಳ ಅಟ್ಟದ ಮೇಲೆ ಕಡತಗಳಿದ್ದರೆ ಅವು ಗೆದ್ದಲಿನ ಪಾಲಾಗುವ ಮೊದಲೇ ಇಳಿಸಿ ನೋಡಿರಿ. ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಟ್ಟೆಗೆ ಬಳಿದು, ಬಳಪದಿಂದ ಬರೆದ ಆ ಮಡಿಕೆಗಳ ಮೇಲೆ ಒದ್ದೆಯ ಕೈ ಆಡಿಸಿದರೆ ಅಕ್ಷರವೇ ಅಳಿದುಹೋಗುವುದು, ಎಚ್ಚರವಿರಲಿ. ಮನೆದೇವರು ಯಾವ ಊರಿನಲ್ಲಿರುವುದೋ ಅದನ್ನು ವಿಚಾರಿಸಿರಿ. ತಿಮ್ಮಪ್ಪನ ಸನ್ನಿಧಿಯಿರುವ ಈ ಊರಿಗೆ ಒಕ್ಕಲಾಗಿ ನಡೆದುಕೊಳ್ಳುವ ದೂರದ ಮನೆಗಳವರು ಎಂದಾದರೊಮ್ಮೆ ಇಲ್ಲಿಂದಲೇ ಎದ್ದುಹೋದವರಿರಬಹುದು. ಇರಬಹುದೆಂದಷ್ಟೇ ಬರೆಯಿರಿ, ಪುರಾವೆ ದೊರೆತ ಮೇಲೆ ಹೌದೆಂದು ಬರೆಯಿರಿ.

ಕಾಗದವೇ ಇಲ್ಲದ ಮನೆಗಳೂ ಇವೆಯೆಂಬುದನ್ನು ಮರೆಯಬಾರದು. ಹಿರಿಯರು ಜೀತದಲ್ಲಿಯೂ ಕೂಲಿಯಲ್ಲಿಯೂ ಕಾಲ ಕಳೆದ ಕುಟುಂಬಗಳಿಗೆ ಕ್ರಯಪತ್ರವೆಲ್ಲಿಯದು, ಮಾನ್ಯದ ಶಾಸನವೆಲ್ಲಿಯದು? ಕೆರೆಯ ಏರಿಯನ್ನು ಕಟ್ಟಿಸಿದವನ ಹೆಸರು ಕಲ್ಲಿನಲ್ಲಿದೆ. ಮಣ್ಣು ಹೊತ್ತವನ ಹೆಸರಿಲ್ಲ. ಅಂಥವರ ಚರಿತ್ರೆಗೆ ಹಿರಿಯರ ಬಾಯಮಾತೂ ಶಾಲೆಯ ದಾಖಲೆ ಪುಸ್ತಕವೂ ಎರಡೇ ಆಧಾರ. ಅವರ ಮಗು ಮೊತ್ತಮೊದಲು ಶಾಲೆಗೆ ಸೇರಿದ ದಿನವೇ ಆ ಮನೆತನದ ಹೆಸರು ಮೊದಲ ಬಾರಿ ಕಾಗದಕ್ಕೇರಿದ ದಿನವಾಗಿರಬಹುದು. ಆ ಹಳೆಯ ಪುಸ್ತಕಗಳನ್ನು ರದ್ದಿಯೆಂದು ತಿಳಿಯದೆ ಕಾಪಾಡಬೇಕೆಂದು ಉಪಾಧ್ಯಾಯರಲ್ಲಿ ನಮ್ಮ ವಿಶೇಷ ಪ್ರಾರ್ಥನೆ. ಹಾಗೆಯೇ 1938ರಲ್ಲಿ ಇಲ್ಲಿಗೆ ಸಮೀಪದ ಶಿವಪುರದಲ್ಲಿ ನಡೆದ ಧ್ವಜಸತ್ಯಾಗ್ರಹಕ್ಕೆ ನಮ್ಮ ಮನೆಗಳಿಂದ ಯಾರು ಹೋದರು, ಅವರಿಗೆ ಬುತ್ತಿಯನ್ನು ಕಟ್ಟಿಕೊಟ್ಟವರು ಯಾರು ಎಂಬುದನ್ನೂ ಕೇಳಿ ಬರೆದರೆ ನಾಡಿನ ಚರಿತ್ರೆಯೂ ಮನೆಯ ಚರಿತ್ರೆಯೂ ಒಂದಾಗುವುವು.

ಕೊನೆಯದಾಗಿ ಒಂದು ವಿವೇಕದ ಮಾತು. ಮನೆತನದ ಚರಿತ್ರೆಯನ್ನು ನೆರೆಯವನನ್ನು ಹೀಯಾಳಿಸುವ ಆಯುಧವನ್ನಾಗಿ ಮಾಡಬಾರದು. ದತ್ತು, ಎರಡನೆಯ ಸಂಬಂಧ, ಮನೆಬಿಟ್ಟು ಹೋದವರು ಇವೆಲ್ಲ ಎಲ್ಲರ ಮನೆಯಲ್ಲಿಯೂ ಉಂಟು. ಇದ್ದುದನ್ನು ಮರೆಮಾಚದೆ, ಬದುಕಿರುವವರ ಮಾನಕ್ಕೆ ಕುಂದು ಬಾರದಂತೆ ಬರೆಯುವ ಹದವನ್ನು ಕಲಿಯಬೇಕು. ಅಮೆರಿಕದ ಯೂಟಾ ಪ್ರಾಂತ್ಯದಲ್ಲಿ 1894ರಲ್ಲಿ ಸ್ಥಾಪಿತವಾದ ವಂಶಾವಳಿ ಸಂಘವೊಂದು ಲೋಕದ ನಾನಾ ದೇಶಗಳ ದಾಖಲೆಗಳ ಛಾಯಾಪ್ರತಿಗಳನ್ನು ತೆಗೆಸಿ, ಬೆಟ್ಟದ ಬಂಡೆಯನ್ನು ಕೊರೆದು ಮಾಡಿದ ಉಗ್ರಾಣದಲ್ಲಿ ಇಟ್ಟಿದೆ. ನಮ್ಮ ಹರಿದ್ವಾರದ ಪಂಡರ ಬಹಿಗಳನ್ನೂ ಅವರು ಹೀಗೆ ಉಳಿಸಿಕೊಂಡಿದ್ದಾರೆ. ನಮಗೆ ಬೆಟ್ಟಗಳಿಗೆ ಬಡತನವಿಲ್ಲ. ರಾಮನಗರದ ಸುತ್ತಲೂ ಇರುವುದು ಬಂಡೆಯೇ. ಆದರೆ ಅಷ್ಟು ದೊಡ್ಡ ಸಾಹಸವು ನಮಗೆ ಈಗ ಬೇಕಾಗಿಲ್ಲ. ಒಂದು ಒಳ್ಳೆಯ ರಟ್ಟಿನ ಪುಸ್ತಕ, ಒಂದು ಲೇಖನಿ, ವಾರಕ್ಕೊಂದು ಸಂಜೆ ಸಾಕು.

ಉಪಾಧ್ಯಾಯರು ತಮ್ಮ ತರಗತಿಯ ಪ್ರತಿಯೊಬ್ಬ ಬಾಲಕ ಬಾಲಕಿಯರಿಂದಲೂ ಮೂರು ತಲೆಮಾರುಗಳ ವಂಶವೃಕ್ಷವನ್ನು ಬರೆಯಿಸಲಿ. ತಾಯಿಯ ಕಡೆಯದೂ ಅದರಲ್ಲಿರಲಿ. ಅತ್ತೆಯಂದಿರ ಹೆಸರೂ ಇರಲಿ, ಸತ್ತ ಕೂಸುಗಳ ಹೆಸರೂ ಇರಲಿ. ಮನೆಯ ಹಿರಿಯರು ಅದರ ಕೆಳಗೆ ತಾರೀಖಿನೊಡನೆ ರುಜು ಹಾಕಲಿ. ಒಂದು ಪ್ರತಿ ಮನೆಯಲ್ಲಿಯೂ, ಮನೆಯವರ ಸಮ್ಮತಿಯಿದ್ದಲ್ಲಿ ಇನ್ನೊಂದು ಪ್ರತಿ ಶಾಲೆಯಲ್ಲಿಯೂ ಉಳಿಯಲಿ. ಇಂದು ಈ ಕೂಟಗಲ್ಲಿನಲ್ಲಿ ಹತ್ತು ಮನೆಗಳವರು ಇಷ್ಟನ್ನು ಮಾಡಿದರೆ, ಮುಂದೆ ಹತ್ತು ಮನೆಗಳ ಹೆಣ್ಣುಮಕ್ಕಳು ತಾವು ಯಾರ ಮಕ್ಕಳೆಂಬುದನ್ನು ಸಾಕ್ಷಿ ಹಾಕಿಸಿ ರುಜುವಾತು ಮಾಡಬೇಕಾದ ಅವಮಾನವು ತಪ್ಪುವುದು.